ನೀರಿನ ಡ್ರಮ್ಮಿನ ಹಿಂದೆ

ಮಧ್ಯಾಹ್ನ ಒಂದೂಮುಕ್ಕಾಲಿಗೆ, ಮಕ್ಕಳೆಲ್ಲ ಮಲಗಿದ್ದ ಹೊತ್ತಿನಲ್ಲಿ, ಜೆಪ್ಪುವಿನ ಆ ಡೇ ಕೇರ್‌ನ ನಡುಕೋಣೆಯಲ್ಲಿದ್ದ ಇನ್ವರ್ಟರಿಗೆ ಬೆಂಕಿ ಹತ್ತಿತು. ಡೇ ಕೇರ್ ನಡೆಸುತ್ತಿದ್ದ ಭವ್ಯಶ್ರೀ ಸೀಟಿ ಊದಿದಳು, ಮೈನ್ ಸ್ವಿಚ್ ಆರಿಸಿದಳು. ಬೆಂಕಿ ನಂದಿಸುವ ಸಿಲಿಂಡರ್ ಹೊಗೆಯ ಆಚೆ ಬದಿಯ ಗೋಡೆಯಲ್ಲಿತ್ತು, ನಿಯಮದಲ್ಲಿ ಹೇಳಿದಷ್ಟೇ ಎತ್ತರದಲ್ಲಿ.

ಆಯಾ ರಮ್ಲಾ ಗಂಟು ಹಾಕಿದ ಹಗ್ಗವನ್ನು ಮಕ್ಕಳ ಕೈಗೆ ಕೊಟ್ಟಳು. ಎರಡರಿಂದ ನಾಲ್ಕು ವರ್ಷದವರು, ಅರ್ಧ ನಿದ್ದೆಯಲ್ಲೇ ಒಬ್ಬೊಬ್ಬರು ಒಂದೊಂದು ಗಂಟು ಹಿಡಿದು ಅಡಿಗೆಕೋಣೆಯ ಬಾಗಿಲಿನಿಂದ ಹಿತ್ತಿಲಿಗೆ ನಡೆದರು. ಯಾರೂ ಅಳಲಿಲ್ಲ. ಪ್ರತಿ ತಿಂಗಳು ಭವ್ಯಶ್ರೀ ಮಾಡಿಸುತ್ತಿದ್ದ ಅಭ್ಯಾಸದಲ್ಲಿ ಅಳಲು ಅವಕಾಶವಿರಲಿಲ್ಲ. ಹಲಸಿನ ಮರದ ಬುಡ ತಲಪುವಾಗ ಅವಳು ಗಡಿಯಾರ ನೋಡಿಕೊಂಡಳು. ಒಂದು ನಿಮಿಷ ಐವತ್ತು ಸೆಕೆಂಡು. ಅಭ್ಯಾಸದಲ್ಲಿ ಯಾವತ್ತೂ ಎರಡರ ಒಳಗೆ ಬಂದದ್ದಿಲ್ಲ. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ ವಿಳಾಸ ಹೇಳುತ್ತ ಗಂಟುಗಳನ್ನು ಎಣಿಸಿದಳು. ಹದಿನಾಲ್ಕು ಗಂಟು, ಹದಿಮೂರು ಮಕ್ಕಳು.

“ಯಾಹ್ಯಾ ಎಲ್ಲಿ ರಮ್ಲಕ್ಕ?”

“ಅಯ್ಯೋ ಟೀಚರ್, ಅವನ ಚಾಪೆ ಖಾಲಿ ಇತ್ತು, ಒದ್ದೆಯೂ ಇತ್ತು. ಅವನು ಮುಂದೆ ಹೋಗಿದ್ದಾನೆ ಅಂತ ನಾನು ಅಂದುಕೊಂಡೆ.” ರಮ್ಲಾ ಆಗಲೇ ಬಾಗಿಲಿನ ಕಡೆ ತಿರುಗಿದ್ದಳು. “ನಾನು ಹೋಗ್ತೇನೆ.”

“ಹೊರಗೆ ಬಂದವರು ಪುನಃ ಒಳಗೆ ಹೋಗ್ಲಿಕ್ಕಿಲ್ಲ. ಹೇಳಿ ಕೊಟ್ಟಿದ್ದೇನೆ ಅಲ್ಲ?” ಎಂದ ಭವ್ಯಶ್ರೀ, ತಂತಿಯ ಮೇಲಿದ್ದ, ಮೈ ಒರೆಸುವ ಒದ್ದೆ ಬೈರಾಸನ್ನು ಮೂಗಿಗೆ ಕಟ್ಟಿಕೊಂಡು ತಾನೇ ಒಳಗೆ ಹೋದಳು.

ಅಡಿಗೆಕೋಣೆ ದಾಟುವಷ್ಟರಲ್ಲಿ ಹೊಗೆ ಎದೆಯ ಮಟ್ಟಕ್ಕೆ ಇಳಿದಿತ್ತು. ಅವಳು ಮೊಣಕಾಲೂರಿ ತೆವಳಿದಳು. ಮಲಗುವ ಕೋಣೆಯ ಬಾಗಿಲಿನಿಂದ ಕರೆದಳು. ಮೇಜಿನ ಅಡಿ ಕೈಯಾಡಿಸಿದಳು. ಆಟಿಕೆಗಳ ಕಪಾಟು ತೆರೆದಳು. ಕೊನೆಗೆ ಬಚ್ಚಲಿನ ಬಾಗಿಲು ದೂಡಿ ಒಳಗೆ ಬಂದು ಬಾಗಿಲು ಮುಚ್ಚಿಕೊಂಡಳು. ಅಲ್ಲಿ ಹೊಗೆ ಕಡಿಮೆ, ಕತ್ತಲೆ ಹೆಚ್ಚು.

“ಯಾಹ್ಯಾ!” ಅವಳಿಗೆ ಇದ್ದದ್ದು ಒಂದೇ ಸ್ವರ, ದಿನವೂ ಬಳಸುವಂಥದ್ದು. “ಯಾಹ್ಯಾ, ಇಲ್ಲಿ ಇದ್ದೀಯಾ? ಉತ್ತರ ಕೊಡು!”

ಬೇರೆ ಕಡೆ ಹುಡುಕಲೆಂದು ಅವಳು ಬಾಗಿಲಿಗೆ ಕೈ ಹಾಕಿದಾಗ, ಮೇಲಿನ ಗವಾಕ್ಷಿಯಿಂದ ರಮ್ಲಾಳ ಮಾತು ಕೇಳಿಸಿತು. ಹಗ್ಗದ ತುದಿ ಹಿಡಿದುಕೊಂಡೇ ಗೋಡೆಯ ಹೊರಬದಿಗೆ ಬಂದು ನಿಂತಿರಬೇಕು. ತನ್ನ ಮನೆಮಾತಿನಲ್ಲಿ ‘ಮೋನೆ’, ಮಗನೇ, ಎನ್ನುತ್ತ ಅವಸರವೇ ಇಲ್ಲದವಳ ಹಾಗೆ ಮಾತಾಡುತ್ತಿದ್ದಳು.

“ಯಾಹ್ಯಾ ಮೋನೆ, ಚಡ್ಡಿ ಒದ್ದೆ ಆಯ್ತಾ? ಆಗ್ತದೆ ಮೋನೆ, ಎಲ್ಲರಿಗೂ ಆಗ್ತದೆ. ನಾನು ಬೇರೆ ಹಾಕ್ತೇನೆ. ಬಾ.”

ಆಮೇಲೆ ಮೂಲೆಯ ನೀರಿನ ಡ್ರಮ್ಮಿನ ಹಿಂದಿನಿಂದ ಸಣ್ಣ ಧ್ವನಿಯೊಂದು ಕೇಳಿತು.

“ಟೀಚರ್ ಇದ್ದಾರಾ?”

ಭವ್ಯಶ್ರೀ ಡ್ರಮ್ಮಿನಿಂದ ಎರಡು ಅಡಿ ದೂರದಲ್ಲಿದ್ದಳು. ಬಾಯಿ ತೆರೆದವಳು ಮುಚ್ಚಿಕೊಂಡಳು.

“ಇಲ್ಲ ಮೋನೆ,” ಎಂದಳು ರಮ್ಲಾ ಹೊರಗಿನಿಂದ. “ಟೀಚರ್ ಇಲ್ಲ.”

ಬಾಗಿಲಿನ ಅಡಿಯಿಂದ ಹೊಗೆ ಒಳಗೆ ಹರಿಯುತ್ತಿತ್ತು. ಗಂಟಲಿಗೆ ಬಂದ ಕೆಮ್ಮನ್ನು ಬೈರಾಸಿನೊಳಗೆ ಒತ್ತಿ ಹಿಡಿದು, ಗೋಡೆಗೆ ಅಂಟಿಕೊಂಡು, ಭವ್ಯಶ್ರೀ ತಾನು ಅಲ್ಲಿ ಇಲ್ಲದವಳಂತೆ ನಿಂತಳು. ಡ್ರಮ್ ಸ್ವಲ್ಪ ಅಲುಗಿತು. ಮೂರು ವರ್ಷದ ಯಾಹ್ಯಾ ಹೊರಗೆ ಬಂದ. ಮೈಮೇಲೆ ಅಂಗಿ ಮಾತ್ರ ಇತ್ತು, ಕೈಯಲ್ಲಿ ಸೋಪಿನ ನೊರೆ ಸುರಿಯುವ ಚಡ್ಡಿ. ನಿದ್ದೆಯಲ್ಲಿ ಚಾಪೆ ಒದ್ದೆ ಮಾಡಿದವರು ಸಂಜೆಯವರೆಗೆ ಗೋಡೆ ನೋಡಿ ಕೂರಬೇಕೆಂಬುದು ಡೇ ಕೇರ್‌ನ ನಿಯಮ. ಯಾರಿಗೂ ತಿಳಿಯುವ ಮೊದಲೇ ಒಗೆದು ಮುಗಿಸಬೇಕೆಂದು ಹುಡುಗ ಸೀಟಿಗೂ ಮುಂಚೆ ಎದ್ದು ಬಂದಿದ್ದ.

ಭವ್ಯಶ್ರೀ ಅವನನ್ನು ಬಾಚಿ ಎತ್ತಿಕೊಂಡಳು. ಅಷ್ಟು ಹೊತ್ತು ಸುಮ್ಮನಿದ್ದ ಹುಡುಗ ಆಗ ಕಿರುಚಿದ. ಹಿತ್ತಿಲು ತಲಪಿ ರಮ್ಲಾಳ ಕೈಗೆ ದಾಟಿಸುವವರೆಗೂ ಕಿರುಚುತ್ತಲೇ ಇದ್ದ.

ಅಗ್ನಿಶಾಮಕದವರು ಬಂದು ಬೆಂಕಿ ಆರಿಸಿದರು. ಇನ್ವರ್ಟರ್, ಒಂದು ಪರದೆ, ಚಪ್ಪಲಿಯ ಸ್ಟ್ಯಾಂಡ್ ಸುಟ್ಟಿದ್ದವು. ಮಕ್ಕಳಿಗೆ ಏನೂ ಆಗಿರಲಿಲ್ಲ. ವಯಸ್ಸಾದ ಅಧಿಕಾರಿಯೊಬ್ಬರು ಜಗಲಿಯಲ್ಲಿ ಕುಳಿತು ಫಾರ್ಮ್ ತುಂಬಿಸತೊಡಗಿದರು.

“ಒಳ್ಳೆ ಟ್ರೈನಿಂಗ್ ಕೊಟ್ಟಿದ್ದೀರಿ ಮಾರಾಯ್ರೆ. ದೊಡ್ಡವರೂ ಇಷ್ಟು ಬೇಗ ಹೊರಗೆ ಬರುವುದಿಲ್ಲ,” ಎಂದರು. “ಒಂದು ಮಗು ಮಾತ್ರ ಒಳಗೆ ಉಳಿದದ್ದಲ್ಲ? ಸಣ್ಣ ಮಕ್ಕಳು ಬೆಂಕಿ ಕಂಡ್ರೆ ಓಡುವುದಿಲ್ಲ, ಅಡಗ್ತಾರೆ. ಬೆಂಕಿಗೆ ಹೆದರಿ ಅಂತ ಬರೀತೇನೆ.”

“ಅವನು ಬೆಂಕಿ ನೋಡ್ಲೇ ಇಲ್ಲ ಸರ್,” ಎಂದಳು ಭವ್ಯಶ್ರೀ.

“ಮತ್ತೆ ಎಂತಕ್ಕೆ ಹೆದರಿದ್ದು?”

“ನನಗೆ.”

ಅಧಿಕಾರಿ ತಲೆ ಎತ್ತಿದರು. ಅವಳ ಮುಖದ ಮೇಲೆ ಮಸಿಯಿತ್ತು. ಮೂಗು ಬಾಯಿ ಇದ್ದ ಕಡೆ ಮಾತ್ರ ಬೈರಾಸಿನ ಅಳತೆಗೆ ಬೆಳ್ಳಗಿತ್ತು.

“ಅದನ್ನೆಲ್ಲ ಬರೀಲಿಕ್ಕೆ ಇದರಲ್ಲಿ ಜಾಗ ಇಲ್ಲ.”

ಭವ್ಯಶ್ರೀ ಬಗ್ಗಿ ಫಾರ್ಮ್ ಓದಿ, ಒಂದು ಸಾಲಿನ ಮೇಲೆ ಬೆರಳಿಟ್ಟಳು.

“ಉಂಟಲ್ಲ ಸರ್,” ಎಂದಳು. “ಅಪಾಯದ ಮೂಲ ಅಂತ.”