ಬಾಗಿಲ ಪರೀಕ್ಷೆ

ಕಿರ್ಗಿಜ್‌ಸ್ತಾನದ ಹಳ್ಳಿ ಆಸ್ಪತ್ರೆಯಲ್ಲಿ, ಹಿಂದೆ ಸೋವಿಯತ್ ಸೈನಿಕನಾಗಿ ಅಫ್ಘನ್ ಯುದ್ಧ ಮಾಡಿ ಬಂದಿದ್ದ ಬಯ್ಸಲನನ್ನು ಬಾಗಿಲಿಗೆ ಬೆನ್ನು ಮಾಡಿ ಕೂರಿಸಿ, ಸದ್ದಿಗೆ ಬೆಚ್ಚುವ ಅವನ ರೋಗ ನಿಜವೋ ನೋಡಲು ಡಾಕ್ಟರು ಹೇಳಿದರೆಂದು ನರ್ಸ್ ಝಿಪಾರ್ ಆ ಬಾಗಿಲನ್ನು ದಡಾರನೆ ಬಡಿದಳು. ಅರವತ್ತು ದಾಟಿದ ಮನುಷ್ಯ ಮೇಜಿನಡಿ ನುಸುಳಿ, ತಲೆಯ ಬಿಳಿ ಟೋಪಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದ.

ರಾಜಧಾನಿ ಬಿಷ್ಕೆಕ್‌ನಿಂದ ಬಂದು ಮೇಜಿನಾಚೆ ಬಾಗಿಲಿಗೆ ಎದುರಾಗಿ ಕೂತಿದ್ದ, ಇನ್ನೂ ನಲವತ್ತು ದಾಟದ ಡಾಕ್ಟರು ಬಾಯೊಳಗಿನ ಕರಿದ ಹಿಟ್ಟಿನ ಬೋರ್ಸೋಕನ್ನು ಚಹಾದೊಂದಿಗೆ ನುಂಗಿ ನಕ್ಕರು. ಅವರು ಯುದ್ಧ ಕಂಡದ್ದು ವಿಜಯದಿನದ ಮೆರವಣಿಗೆಯಲ್ಲಿ, ಅದೂ ನೆರಳಿನ ಕುರ್ಚಿಯಿಂದ. "ನಾಟಕ ಕಣಮ್ಮ. ಪುಕ್ಕಟೆ ಚಿಕಿತ್ಸೆ ಅಂದ್ರೆ ಎಲ್ರೂ ಮೊದಲನೇ ಸಲ ಹೀಗೇ ಬೀಳ್ತಾರೆ. ಇನ್ನೊಂದ್ಸಲ ಬಡಿ. ಬೀಳದಿದ್ರೆ ರೋಗ ಇಲ್ಲ ಅಂತ ಬರೆದು ಮನೆಗೆ ಅಟ್ಟೋಣ."

"ಬಿದ್ರೆ?"

"ನಟನೆ ಚೆನ್ನಾಗಿ ಕಲಿತಿದಾನೆ ಅಂತ ಬರೆದು ಅಟ್ಟೋಣ."

ಝಿಪಾರಳ ಕೈ ಇನ್ನೂ ಚಿಲಕದ ಮೇಲಿತ್ತು. ಆಗ ಮೇಜಿನಡಿಯಿಂದ ಬಯ್ಸಲ್ ಅವಳತ್ತ ತೋಳು ಚಾಚಿದ. "ಮಗಳೇ, ಅಲ್ಲಿ ನಿಲ್ಬೇಡ. ಬೇಗ ಒಳಗೆ ಬಾ, ಇಲ್ಲಿ ಇನ್ನೊಬ್ಬರಿಗೆ ಜಾಗ ಇದೆ."

ಬಡಿದವಳನ್ನೇ ಕಾಪಾಡಲು ಆ ಕೈ ಕರೆಯುತ್ತಿತ್ತು.

"ಏನ್ ನೋಡ್ತೀಯ? ಬಡಿ!" ಎಂದರು ಡಾಕ್ಟರು.

ಝಿಪಾರ್ ಬಾಗಿಲನ್ನು ಗೋಡೆಯವರೆಗೂ ತೆರೆದು ಅದಕ್ಕೆ ಬೆನ್ನು ಕೊಟ್ಟು ನಿಂತಳು. "ಬಡಿಯಲ್ಲ. ಡಾಕ್ಟ್ರೇ, ನೀವು ಮೊದ್ಲು ಆ ಕುರ್ಚಿಯಿಂದ ಏಳಿ, ಇವರು ಅಲ್ಲಿ ಕೂರಲಿ. ನಮ್ಮಲ್ಲಿ ಬಾಗಿಲಿಗೆ ಎದುರಾದ ಗೌರವದ ಜಾಗ ಹಿರಿಯರದ್ದು ಅಂತ ನಿಮ್ಮಮ್ಮ ಹೇಳ್ಕೊಡಲಿಲ್ವಾ?"