ಸೂಜಿ ಬಿದ್ದರೂ ಕೇಳಿಸುವ ಕ್ಲಾಸು

"ಒಳಗೆ ನಡೀರಿ, ಬೇಗ!"

ಐದು ಮಕ್ಕಳನ್ನು ಉಗ್ರಾಣದೊಳಕ್ಕೆ ಸಾಗಿಸುವಷ್ಟರಲ್ಲಿ ನಾಲ್ಕನೇ ಕ್ಲಾಸಿನ ಟೀಚರಮ್ಮನಿಗೆ ಏದುಸಿರು ಬಂದಿತ್ತು. ಇವತ್ತು ಇನ್‌ಸ್ಪೆಕ್ಷನ್. ಎರಡು ವರ್ಷದಿಂದ ತಾತ್ಕಾಲಿಕವಾಗಿದ್ದ ಕೆಲಸ ಖಾಯಂ ಆಗುವುದೋ, ಕೈಬಿಟ್ಟು ಹೋಗುವುದೋ ಎಂಬುದು ಇವತ್ತಿನ ವರದಿಯ ಮೇಲೆ ನಿಂತಿತ್ತು.

ಐವರೂ ಘಟಾನುಘಟಿಗಳೇ. ಒಬ್ಬಳು ಬಾಯಿಬಡುಕಿ. ಒಬ್ಬ ಕಾಲಿಗೆ ಚಕ್ರ ಕಟ್ಟಿಕೊಂಡವನು. ಇನ್ನೊಬ್ಬನಿಗೆ ಬೋರ್ಡು ಮಂಜುಮಂಜು; ಪಕ್ಕದವರ ಪುಸ್ತಕಕ್ಕೆ ಮೂಗು ತೂರಿಸದೆ ಒಂದಕ್ಷರ ಬರೆಯಲಾರ. ಮತ್ತೊಬ್ಬಳು ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಪೀರಿಯಡ್ಡೇ ಮುಗಿದಿರುತ್ತದೆ. ಐದನೆಯವನು ಎಲ್ಲರಿಗಿಂತ ಅಪಾಯಕಾರಿ: ‘ಯಾಕೆ?’ ಎಂದು ಕೇಳುತ್ತಾನೆ. ಕಳೆದ ತಿಂಗಳಷ್ಟೇ ‘ಪ್ರತಿ ಮಗುವೂ ವಿಶಿಷ್ಟ’ ಎಂಬ ಮೂರು ದಿನದ ತರಬೇತಿ ಮುಗಿಸಿ ಟೀಚರಮ್ಮ ಪ್ರಮಾಣಪತ್ರ ತಂದಿದ್ದರು. ಇನ್‌ಸ್ಪೆಕ್ಷನ್ ದಿನ ಈ ವಿಶಿಷ್ಟರನ್ನು ಎಲ್ಲಿಡಬೇಕೆಂದು ಅಲ್ಲಿ ಹೇಳಿಕೊಟ್ಟಿರಲಿಲ್ಲ. ಅದಕ್ಕೆ ಸ್ವಂತ ಬುದ್ಧಿ ಓಡಿಸಬೇಕಾಯಿತು.

ಉಗ್ರಾಣದ ಬಾಗಿಲಲ್ಲಿ ತಲೆಯೆಲ್ಲ ನೆರೆತ ಹೆಂಗಸೊಬ್ಬರು ಸ್ಟೂಲಿನ ಮೇಲೆ ಕೂತಿದ್ದರು, ಮಡಿಲಲ್ಲಿ ಮಾಸಿದ ಚೀಲ. ಯಾವುದೋ ಮಗುವಿನ ಅಜ್ಜಿಯಿರಬೇಕು. ದೇವರೇ ಕಳಿಸಿದ ಹಾಗಾಯಿತು.

"ಅಜ್ಜಿ, ಸ್ವಲ್ಪ ಹೊತ್ತು ಇವರ ಮೇಲೆ ಒಂದು ಕಣ್ಣಿಟ್ಟಿರಿ. ಸದರ ಕೊಟ್ರೆ ತಲೆ ಮೇಲೆ ಹತ್ತಿ ಕೂರ್ತವೆ. ಇವತ್ತು ಇವು ಕ್ಲಾಸಲ್ಲಿದ್ರೆ ನನ್ನ ಕೆಲಸಕ್ಕೇ ಕುತ್ತು."

"ಹೋಗಮ್ಮ, ಎಲ್ಲಾ ನೋಡ್ತಿದೀನಿ."

"ಮಿಸ್, ಇವತ್ತು ನಾನು ಮಾತೇ ಆಡಲ್ಲ, ಆಣೆ," ಎಂದಳು ಬಾಯಿಬಡುಕಿ.

ಟೀಚರಮ್ಮನ ಕರುಳು ಚುರುಕ್ ಎಂದಿತು. ಆದರೆ ಕರುಳಿಗೆ ಸಂಬಳ ಕೊಡುವವರು ಯಾರು? ತಿರುಗಿ ನೋಡದೆ ಓಡಿದರು.

ಹತ್ತು ಗಂಟೆಗೆ ಸರಿಯಾಗಿ ಆತ ಬಂದರು. ದಪ್ಪ ನೋಟ್‌ಬುಕ್ಕು, ಕಿವಿಯ ಮೇಲೆ ಪೆನ್ಸಿಲ್ಲು, ಬಿಗಿದ ಮುಖ.

"ನಮಸ್ತೇ ಸಾರ್!" ಇಡೀ ಕ್ಲಾಸು ಎದ್ದು ನಿಂತಿತು. ಆತ ಬೆಚ್ಚಿ ಎರಡೂ ಕೈ ಜೋಡಿಸಿದರು. ದೊಡ್ಡವರಾದರೂ ಎಷ್ಟು ವಿನಯ!

ಟೀಚರಮ್ಮ ಭಿನ್ನರಾಶಿ ಶುರು ಮಾಡಿದರು. ವಾರವಿಡೀ ಉರುಹೊಡೆಸಿದ್ದ ಪ್ರಶ್ನೆ, ಉರುಹೊಡೆದಿದ್ದ ಉತ್ತರ. ಮಿಕ್ಕಂತೆ ಗಪ್‌ಚಿಪ್. ಆತ ಹಿಂದಿನ ಸಾಲಿನಿಂದ ಒಂದೊಂದೇ ಬೆಂಚಿನ ಬಳಿ ನಿಂತು, ಬಗ್ಗಿ ಅಡಿಯಲ್ಲಿ ಇಣುಕಿದರು. ಚೀಟಿ ಬಚ್ಚಿಟ್ಟಿದ್ದಾರೆಯೇ ಎಂದು ನೋಡುತ್ತಿರಬೇಕು, ಪಳಗಿದ ಕೈ! ಖಾಲಿ ಜಾಗದ ಮೇಲೆ ಕೈಯಾಡಿಸಿ ಏನೋ ಬರೆದುಕೊಂಡಾಗ ಮಾತ್ರ ಟೀಚರಮ್ಮ ಪಾಠ ಅರ್ಧಕ್ಕೇ ನಿಲ್ಲಿಸಿದರು.

"ಐದು ಮಕ್ಕಳಿಗೆ ಜ್ವರ ಸಾರ್," ಎಂದರು, ಯಾರೂ ಕೇಳದಿದ್ದರೂ.

"ಪಾಪ. ಇಲ್ಲಿ ದಿನಾ ಕೂರೋದು ಕಷ್ಟಾನೇ," ಎಂದರು ಆತ.

ಅರ್ಧ ಗಂಟೆ ಕಳೆದು ಆತ ನೋಟ್‌ಬುಕ್ಕು ಮುಚ್ಚಿ ಮುಂದೆ ಬಂದರು. ಖಾಯಂ ಆಗಿಯೇಬಿಟ್ಟ ಹಾಗೆ ಟೀಚರಮ್ಮನ ಮುಖದಲ್ಲಿ ನಗು ಸಿದ್ಧವಾಗಿತ್ತು.

"ಏಳು ಬೆಂಚಿನ ಕಾಲು ಅಲ್ಲಾಡ್ತವೆ ಮೇಡಂ. ನಾಳೆ ಮೊಳೆ, ಸುತ್ತಿಗೆ ತಗೊಂಡು ಬರ್ತೀನಿ."

ಬಡಗಿ ಆಚೆ ಹೋಗುತ್ತಿದ್ದಂತೆ ಹೆಡ್‌ಮಾಸ್ಟರು ಬೆವರೊರೆಸಿಕೊಳ್ಳುತ್ತ ಓಡಿಬಂದರು.

"ಇನ್‌ಸ್ಪೆಕ್ಟರಮ್ಮ ಬೆಳಿಗ್ಗೆಯಿಂದ ಉಗ್ರಾಣದಲ್ಲಿ ಐದು ಮಕ್ಕಳಿಗೆ ಪಾಠ ಮಾಡ್ತಾ ಕೂತಿದಾರೆ ಕಣ್ರೀ, ಈ ಮಕ್ಕಳಿಗೆ ಟೀಚರ್ ಅಂತ ಯಾರಾದ್ರೂ ಇದ್ದಾರಾ ಅಂತ ಕೇಳ್ತಿದಾರೆ, ಏನು ಹೇಳ್ಲಿ?"