ಗಾರ್ಡ್ ತಿಮ್ಮಪ್ಪನವರ ಎರಡು ಕೈ

"ಬಾವುಟ ಕೊಡಪ್ಪ," ಎಂದು ಬಸ್ಸಿಳಿದ ಕೂಡಲೇ ಮಾಲತಿ ಕೈಚಾಚಿದಳು.

ಅರಸೀಕೆರೆಯ ನಿವೃತ್ತ ಗೂಡ್ಸ್ ಗಾರ್ಡ್ ತಿಮ್ಮಪ್ಪನವರು ಏನೂ ಅರಿಯದವರಂತೆ ಆಕಾಶ ನೋಡಿದರು. ಕೋಟಿನ ಜೇಬಿನಿಂದ ಹಸಿರು ಬಟ್ಟೆಯ ಅಂಚು ಇಣುಕುತ್ತಿತ್ತು. ಟೋಕಿಯೋದ ಮಗಳ ಮನೆಗೆ ಬರುವಾಗ ಚಟ್ನಿಪುಡಿ, ಹುರಿಗಾಳಿನ ಜೊತೆ ಕೆಂಪು, ಹಸಿರು ಬಾವುಟಗಳನ್ನೂ ಸೂಟ್‌ಕೇಸಿಗೆ ತುರುಕಿಕೊಂಡು ಬಂದ ಮಹಾನುಭಾವರು ಅವರು.

"ಪ್ಲೀಸ್ ಅಪ್ಪ. ಇಲ್ಲಿ ಟ್ರೈನ್ ಒಂದು ನಿಮಿಷ ನಿಂತ್ರೂ ದೊಡ್ಡ ಇಶ್ಯೂ. ನಮ್ಮ ಪರ್ಮನೆಂಟ್ ರೆಸಿಡೆನ್ಸಿ ಅಪ್ಲಿಕೇಶನ್ ಇಮಿಗ್ರೇಷನ್ ಆಫೀಸಲ್ಲಿದೆ. ಪೊಲೀಸು ಗಿಲೀಸು ಅಂತಾದ್ರೆ ಹತ್ತು ವರ್ಷ ಇಲ್ಲಿ ಬಾಳಿದ್ದೆಲ್ಲ ವೇಸ್ಟು. ಸುಮ್ನೆ ನೋಡ್ಕೊಂಡು ಬರೋಣ. ಪ್ರಾಮಿಸ್?"

"ಆಯ್ತು ಕಣಮ್ಮ, ಪ್ರಾಮಿಸ್ಸು." ಎರಡೂ ಬಾವುಟ ಮಗಳ ಹ್ಯಾಂಡ್‌ಬ್ಯಾಗ್ ಸೇರಿದವು. ಮಾಲತಿ ಜಿಪ್ ಎಳೆದಳು.

ಎರಡು ತಿಂಗಳಿಂದ ತಿಮ್ಮಪ್ಪನವರು ದಿನಾ ಬೆಳಗ್ಗೆ ಈ ಪುಟ್ಟ ಗೂಡ್ಸ್ ಯಾರ್ಡಿನ ಬೇಲಿಗೆ ಹಾಜರು. ಒಳಗೆ ನಿಷಿಮುರಾ ಸಾನ್ ಎಂಬ ಬಿಳಿಗೂದಲಿನ ಮುಖ್ಯಸ್ಥರು ಒಂದೊಂದಕ್ಕೂ ಬೆರಳು ತೋರಿಸಿ ಕೂಗುತ್ತಿದ್ದರು. ಸಿಗ್ನಲ್ ಕಡೆ ತೋರಿಸಿ "ಯೋಷಿ!", ಅಂದರೆ ಸರಿಯಾಗಿದೆ. ಬ್ರೇಕ್ ಕಡೆ ತೋರಿಸಿ "ಯೋಷಿ!" ಆಮೇಲೆ ತಿಮ್ಮಪ್ಪನವರು ಬೇಲಿಯಾಚೆಯಿಂದ ಗಾರ್ಡಿನ ಗತ್ತಿನಲ್ಲಿ ಕೈ ಬೀಸುವರು. ಐದನೆಯ ದಿನ ನಿಷಿಮುರಾ ಸಾನ್ ಬೆರಳನ್ನು ಬೇಲಿಯತ್ತಲೂ ತಿರುಗಿಸಿದರು. "ಓಜೀಸಾನ್, ಯೋಷಿ!" ಅಜ್ಜನೂ ಸರಿಯಾಗಿದ್ದಾನೆ! ಇಬ್ಬರ ನಡುವೆ ಬೇರೆ ಒಂದಕ್ಷರ ಮಾತಿಲ್ಲ, ಆದರೂ ಎಂಥ ದೋಸ್ತಿ ಅಂತೀರಿ.

ಇವತ್ತು ಕೊನೆಯ ಗಾಡಿ. ನಾಳೆಯಿಂದ ಸರಕೆಲ್ಲ ಲಾರಿಗೆ, ಯಾರ್ಡಿಗೆ ಬೀಗ.

"ನಮ್ಮಲ್ಲೂ ಈಗ ಎಷ್ಟೋ ಗೂಡ್ಸಿಗೆ ಗಾರ್ಡಿಲ್ಲ," ಎಂದರು ತಿಮ್ಮಪ್ಪನವರು. "ಹಿಂದ್ಗಡೆ ಗಾರ್ಡಿನ ಬದ್ಲು ಒಂದು ಮೆಷಿನ್ ಪೆಟ್ಟಿಗೆ ಕಟ್ಟಿ ಕಳಿಸ್ತಾರೆ. ಅದಕ್ಕೆ ಹಸಿವಾಗಲ್ಲ ನೋಡು."

ಬೇಲಿಯುದ್ದಕ್ಕೂ ಕ್ಯಾಮೆರಾ ಹಿಡಿದ ಜನ. ನಿಷಿಮುರಾ ಸಾನ್ ಇವತ್ತು ಬೆರಳು ತೋರಿಸುವಾಗ ನಡುನಡುವೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಸೀಟಿ ಊದಿದರು. ಗಾಲಿಗಳು ಮೆಲ್ಲಗೆ ಉರುಳಿದವು.

"ಮಾಲತಿ, ಕೆಂಪು ಕೊಡು."

"ಅಪ್ಪ!"

"ಕೊನೇ ವ್ಯಾಗನ್ನಿಗೆ ಕೆಂಪು ತಟ್ಟೆ ಹಾಕಿಲ್ಲ ಕಣೇ! ದಿನಾ ಎರಡಿರತ್ತೆ. ಅದಿಲ್ದಿದ್ರೆ ಗಾಡಿ ಪೂರ್ತಿ ಬಂತೋ, ಹಿಂದಿನ ವ್ಯಾಗನ್ನು ದಾರೀಲೇ ಕಳಚ್ಕೊಂಡು ನಿಂತ್ಕೊಂಡ್ತೋ, ಮುಂದಿನ ಸ್ಟೇಷನ್ನೋರಿಗೆ ಹೆಂಗೆ ಗೊತ್ತಾಗ್ಬೇಕು?"

"ಪ್ರಾಮಿಸ್ ಮಾಡಿದೀಯಪ್ಪ ನೀನು," ಎಂದು ಮಾಲತಿ ಬ್ಯಾಗನ್ನು ಎದೆಗವಚಿಕೊಂಡಳು.

ತಿಮ್ಮಪ್ಪನವರು ಮಗಳನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿದರು. ಎರಡೂ ಕೈಗಳನ್ನು ತಲೆಯ ಮೇಲೆ ನೆಟ್ಟಗೆ ಎತ್ತಿದರು. ಕೈಯಲ್ಲಿ ಬಾವುಟ ಇಲ್ಲದಾಗ ಅದೇ ಕೆಂಪು ಬಾವುಟ. ಗಾರ್ಡಿಗೆ ಮೊದಲ ವಾರವೇ ಕಲಿಸುವ ಪಾಠ.

ಪಕ್ಕದ ಮುದುಕಿ ಅದನ್ನು ಕಂಡು ತಾನೂ ಎರಡು ಕೈ ಎತ್ತಿ "ಬಂಝೈ!" ಎಂದು ಜೈಕಾರ ಹಾಕಿದಳು. ಇಡೀ ಬೇಲಿಯೇ ಕೈ ಎತ್ತಿತು. ಬಂಝೈ! ಬಂಝೈ! ಸದ್ಯ, ಅಪ್ಪ ಮಾಡಿದ್ದು ಯಾರಿಗೂ ಗೊತ್ತಾಗಲಿಲ್ಲ ಎಂದು ಮಾಲತಿಗೆ ಹೋದ ಜೀವ ಬಂತು. ಆದರೆ ಅಪ್ಪನ ಮುಖದಲ್ಲಿ ಜೈಕಾರ ಇರಲಿಲ್ಲ. ಅಷ್ಟು ಜನರ ಮಧ್ಯೆ ನಿಷಿಮುರಾ ಸಾನ್ ನೋಡಿದ್ದೂ ಆ ಮುಖವನ್ನೇ. ರೈಲಿನವರಿಗೆ ಆ ಎರಡು ಕೈಯ ಅರ್ಥ ಅರಸೀಕೆರೆಯಲ್ಲೂ ಒಂದೇ, ಇಲ್ಲೂ ಒಂದೇ. ಅವರು ವೈರ್‌ಲೆಸ್ಸಿನಲ್ಲಿ ಏನೋ ಕಿರುಚಿದರು. ಗಾಡಿ ನಿಂತಿತು.

ನಿಷಿಮುರಾ ಸಾನ್ ಹಿಂದಕ್ಕೆ ಓಡಿ ನೋಡಿ, ತಲೆ ಚಚ್ಚಿಕೊಂಡು ಆಫೀಸಿಗೆ ಓಡಿದರು. ಫಳಫಳ ಹೊಳೆಯುವ ಎರಡು ಕೆಂಪು ತಟ್ಟೆ ತಂದು ಸಿಕ್ಕಿಸಿದರು. ಆಮೇಲೆ ಬೇಲಿಯ ಬಳಿ ಬಂದು, ಟೋಪಿ ತೆಗೆದು, ಸೊಂಟದವರೆಗೂ ಬಾಗಿ ಏನೇನೋ ಹೇಳಿದರು.

ಮಾಲತಿ ಅಪ್ಪನಿಗೆ ಕನ್ನಡದಲ್ಲಿ ಹೇಳಿದಳು. "ಕೊನೇ ದಿನ ಚೆನ್ನಾಗಿ ಕಾಣ್ಲಿ ಅಂತ ಬೆಳಗ್ಗೆ ತಾವೇ ಬಿಚ್ಚಿ ಒರೆಸಿದ್ರಂತೆ ಅಪ್ಪ. ಟೇಬಲ್ ಮೇಲೇ ಮರೆತ್ರಂತೆ. ನಲವತ್ತೊಂದು ವರ್ಷದಲ್ಲಿ ಇದೇ ಮೊದಲ್ನೇ ತಪ್ಪಂತೆ."

"ಗಾಡಿ ಇನ್ನೂ ಯಾರ್ಡೇ ದಾಟಿಲ್ಲ. ತಪ್ಪು ಎಲ್ಲಾಯ್ತು ಅಂತ ಕೇಳು."

ಮಾಲತಿ ಹಾಗೆಯೇ ಕೇಳಿದಳು. ನಿಷಿಮುರಾ ಸಾನ್ ಅಳುತ್ತಲೇ ನಕ್ಕರು. ಮತ್ತೆ ತಮ್ಮ ಜಾಗಕ್ಕೆ ಹೋಗಿ ನಿಂತರು. ಕೆಂಪು ತಟ್ಟೆ, ಯೋಷಿ! ಸಿಗ್ನಲ್, ಯೋಷಿ! ಸೀಟಿ ಬಾಯಿಗಿಟ್ಟರು, ಊದಲಿಲ್ಲ. ಬೇಲಿಯ ಕಡೆ ನೋಡುತ್ತಾ ಕಾದರು. ಅಷ್ಟು ದೂರದಲ್ಲಿ ಡ್ರೈವರನೂ ತಲೆ ಹೊರಗೆ ಹಾಕಿದ್ದ.

ಹೊರಡು ಎಂದು ಬೀಸಲು ತಿಮ್ಮಪ್ಪನವರು ಒಂದು ಬರಿಗೈ ಎತ್ತಿದರು.

"ತಾಳಪ್ಪ," ಎಂದು ಮಾಲತಿ ಹ್ಯಾಂಡ್‌ಬ್ಯಾಗಿನ ಜಿಪ್ ತೆಗೆದಳು.